ಪೇಂಟ್ ಡಬ್ಬದ ಕ್ಯಾಮರಾ, ಕಾಫಿ ನೀರು, ಮತ್ತೆ ಆ ಒಂದು ಬಿಳಿ ಪಟ್ಟಿ

ನಿನ್ನೆ ಭಾನುವಾರ ನಮ್ಮ ಚಿಕ್ಕಮಗಳೂರಿನ ರತ್ನಗಿರಿ ಬೋರೆಲಿ ತೆಗೆದ ಫೋಟೋದಲ್ಲಿ, ಇಷ್ಟು ದಿನ ಅಂಚಲ್ಲಿ ಬರ್ತಿದ್ದ ಆ ಬಿಳಿ ಪಟ್ಟಿ ಇಲ್ಲ. ಇಲ್ಲ ಅಂದ್ರೆ ಇಲ್ಲ. ಬಾತ್‌ರೂಮಿಂದ ಒದ್ದೆ ಕೈಯಲ್ಲೇ ಹಿತ್ತಲಿಗೆ ಓಡಿ ಬಿಸಿಲಿಗೆ ಹಿಡಿದು ಮೂರು ಸಲ ನೋಡ್ದೆ. ಹಂಗಾಗಿ ಇದನ್ನ ಬರೆಯೋಕೆ ಈಗ ಮುಖ ಬಂತು, ಇಲ್ಲಾಂದ್ರೆ ಒಂದೂವರೆ ತಿಂಗಳಿಂದ ಏನ್ ಮಾಡ್ತಿದೀಯ ಅಂತ ಯಾರಾದ್ರೂ ಕೇಳಿದ್ರೆ ಪೇಂಟ್ ಡಬ್ಬಕ್ಕೆ ಟೇಪ್ ಸುತ್ತುತಾ ಇದೀನಿ ಅಂತ ಹೇಳ್ಬೇಕಾಗಿತ್ತು.

ವಿಷಯ ಪಿನ್‌ಹೋಲ್ ಕ್ಯಾಮರಾ. ಲೆನ್ಸ್ ಇಲ್ಲ, ಬ್ಯಾಟರಿ ಇಲ್ಲ, ಬಟನ್ ಇಲ್ಲ. ಒಂದು ಕತ್ತಲ ಡಬ್ಬ, ಅದಕ್ಕೊಂದು ಸೂಜಿ ತೂತು, ಎದುರು ಗೋಡೆಗೆ ಒಂದು ಫೋಟೋ ಪೇಪರ್. ಅಷ್ಟೇ. ದಸರಾ ರಜೆಗೆ ಬಂದಿದ್ದ ಅಕ್ಕನ ಮಗನಿಗೆ ಸ್ಕೂಲಲ್ಲಿ ಇದನ್ನ ರಟ್ಟಿನ ಪೆಟ್ಟಿಗೆ, ಬಟರ್ ಪೇಪರ್ ಇಟ್ಕೊಂಡು ಮಾಡ್ಕೊಂಡು ಬನ್ನಿ ಅಂದಿದ್ರು. ಮಾಡ್ದ್ವಿ, ಎದುರುಮನೆ ತೆಂಗಿನಮರ ತಲೆಕೆಳಗಾಗಿ ಕಾಣಿಸ್ತು, ಅವನು ಖುಷಿಯಾಗಿ ರಜೆ ಮುಗಿಸಿ ಹಾಸನಕ್ಕೆ ವಾಪಸ್ ಹೋದ. ನಂಗೆ ಮಾತ್ರ ಆ ಬಟರ್ ಪೇಪರ್ ಜಾಗದಲ್ಲಿ ನಿಜವಾದ ಫೋಟೋ ಪೇಪರ್ ಇಟ್ರೆ ಏನಾಗ್ಬಹುದು ಅನ್ನೋ ಹುಳ ತಲೆಗೆ ಹೊಕ್ತು.

ಡಬ್ಬದ ಕಥೆ ಮೊದಲು. ಅಡುಗೆಮನೆ ಸ್ಟೀಲ್ ಡಬ್ಬ ತಗೊಳ್ಳೋಣ ಅಂತ ಹೋದೆ, ಎರಡು ಕಾರಣಕ್ಕೆ ಆಗ್ಲಿಲ್ಲ. ಒಂದು, ಅಮ್ಮ ಕೊಡ್ಲಿಲ್ಲ. ಎರಡು, ನಾನು ಶಟರಿಗೆ, ಅಂದ್ರೆ ತೂತು ಮುಚ್ಚಿ ತೆಗೆಯೋದಕ್ಕೆ, ಮ್ಯಾಗ್ನೆಟ್ ಇಡೋಣ ಅಂತಿದ್ದೆ, ನಮ್ಮನೆ ಒಳ್ಳೆ ಸ್ಟೀಲ್ ಡಬ್ಬಗಳಿಗೆ ಮ್ಯಾಗ್ನೆಟ್ ಹಿಡಿಯೋದೇ ಇಲ್ಲ. ತಗಡಿನ ಡಬ್ಬಕ್ಕೆ ಹಿಡಿಯುತ್ತೆ. ಮಗು ಹಾಲಿನಪುಡಿ ಡಬ್ಬ ನೋಡ್ದೆ, ಸೈಜ್ ಚೆನ್ನಾಗಿದೆ, ಆದ್ರೆ ಮುಚ್ಚಳ ಪ್ಲಾಸ್ಟಿಕ್, ಬೆಳಕು ಆರಾಮಾಗಿ ದಾಟುತ್ತೆ. ಕೊನೆಗೆ ಗೇಟಿಗೆ ಬಳಿದು ಮಿಕ್ಕಿದ್ದ ಒಂದು ಲೀಟರ್ ಎನಾಮಲ್ ಪೇಂಟ್ ಡಬ್ಬ. ಮುಚ್ಚಳ ಒತ್ತಿದ್ರೆ ಗಟ್ಟಿಯಾಗಿ ಕೂರೋದು, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕು, ಬೆಳಕಿನ ವಿಷಯಕ್ಕೆ ಇದಕ್ಕಿಂತ ಬೇರೆ ಬೇಡ ಅಂದ್ಕೊಂಡೆ. ಒಳಗಿನ ಪೇಂಟು ಟರ್ಪಂಟೈನಲ್ಲಿ ತೊಳೆದು, ಒಣಗಿಸಿ, ಒಳಗೆ ಪೂರ್ತಿ ಬ್ಲಾಕ್‌ಬೋರ್ಡ್ ಪೇಂಟ್ ಎರಡು ಕೋಟ್. ಮಾಮೂಲಿ ಕಪ್ಪು ಪೇಂಟ್ ಬೇಡ, ಅದು ಹೊಳೆಯುತ್ತೆ, ಒಳಗೆ ಬಂದ ಬೆಳಕು ಅಲ್ಲೇ ಪುಟಿದು ಪೇಪರ್ ಮೇಲೆಲ್ಲ ಚೆಲ್ಲುತ್ತೆ.

ಒಳಗಿನ ಅಡ್ಡಗಲ 106 ಮಿಲಿಮೀಟರ್ ಬಂತು. ಪೇಪರ್ ಹಿಂದಿನ ಗೋಡೆಗೆ ಬಾಗಿ ಕೂರೋದ್ರಿಂದ ತೂತಿಂದ ಪೇಪರ್ ನಡುವಿಗೆ ಇರೋ ದೂರ 105 ಅಂತ ಇಟ್ಕೊಳ್ಳಿ. ಈ ದೂರಕ್ಕೆ ಎಷ್ಟು ದಪ್ಪ ತೂತು ಬೇಕು ಅನ್ನೋದಕ್ಕೆ ಒಂದು ಲೆಕ್ಕ ಇದೆ, ದೂರಾನ 0.00055ರಿಂದ ಗುಣಿಸಿ (ಹಸಿರು ಬೆಳಕಿನ ಅಲೆಯುದ್ದ ಅದು, ಮಿಲಿಮೀಟರಲ್ಲಿ), ವರ್ಗಮೂಲ ತೆಗೆದು, 1.9ರಿಂದ ಗುಣಿಸೋದು. ನಂಗೆ 0.46 ಬಂತು. ತೂತು ಅದಕ್ಕಿಂತ ದೊಡ್ಡದಾದ್ರೆ ಚಿತ್ರ ಮಸುಕು, ತುಂಬ ಚಿಕ್ಕದಾದ್ರೂ ಮಸುಕೇ, ಯಾಕಂದ್ರೆ ಬೆಳಕು ಅಂಚಲ್ಲಿ ಬಾಗಿ ಹರಡಿಬಿಡುತ್ತೆ. ಚಿಕ್ಕದಾದಷ್ಟೂ ಶಾರ್ಪ್ ಅಂತ ನಾನು ತಿಳ್ಕೊಂಡಿದ್ದು ಸುಳ್ಳು.

ತೂತನ್ನ ಸೀದಾ ಡಬ್ಬಕ್ಕೇ ಮಾಡ್ಬಾರದು, ತಗಡು ದಪ್ಪ. ಡಬ್ಬಕ್ಕೆ ನಡುವಲ್ಲಿ ಡ್ರಿಲ್ಲಲ್ಲಿ 8 ಮಿಲಿಮೀಟರ್ ಕಂಡಿ ಮಾಡಿ, ಒಳಗಡೆಯಿಂದ ಕೂಲ್‌ಡ್ರಿಂಕ್ ಕ್ಯಾನಿನ ಅಲ್ಯುಮಿನಿಯಂ ಚೂರು ಅಂಟಿಸೋದು, ಸೂಜಿ ತೂತು ಆ ಚೂರಲ್ಲಿ. ಹಳೇ ನೋಟ್‌ಬುಕ್ ಮೇಲೆ ಚೂರಿಟ್ಟು, ಸೂಜಿ ಹಿಂಭಾಗಕ್ಕೆ ರಬ್ಬರ್ ಚುಚ್ಚಿ ಹಿಡ್ಕೊಂಡು, ಒತ್ತದೆ ಸುಮ್ನೆ ತಿರುಗಿಸ್ತಾ ಇರ್ಬೇಕು. ಹಿಂದೆ ಒಂದು ಗುಳ್ಳೆ ಥರ ಏಳುತ್ತೆ, ಅದನ್ನ ನೀರ್ ಹಾಕಿ 1000 ನಂಬರ್ ವಾಟರ್ ಪೇಪರಲ್ಲಿ ತಿಕ್ಕಿದ್ರೆ ತೂತು ತಾನಾಗೇ ತೆರ್ಕೊಳ್ಳುತ್ತೆ. ಮತ್ತೆ ಸೂಜಿ, ಮತ್ತೆ ತಿಕ್ಕೋದು. ಅಂಚಲ್ಲಿ ಜುಂಗು ಇರ್ಬಾರದು.

ಅಳೆಯೋದು ಹೆಂಗೆ? ಐ.ಜಿ. ರೋಡಲ್ಲಿ ನಂಗೆ ಪರಿಚಯದ ಜೆರಾಕ್ಸ್ ಅಂಗಡಿ ಇದೆ, ಅಲ್ಲಿ ಹೋಗಿ ಸ್ಕ್ಯಾನರ್ ಮೇಲೆ ಆ ಚೂರಿಟ್ಟು 1200 ಡಿಪಿಐಗೆ ಸ್ಕ್ಯಾನ್ ಮಾಡಿಕೊಡಿ ಅಂದೆ. ಹುಡುಗ ಚೂರನ್ನ ನೋಡ್ದ, ನನ್ನ ನೋಡ್ದ, ಎರಡೂ ಕಡೆನಾ ಸಾರ್ ಅಂದ. ಆ ಡಿಪಿಐಗೆ ಒಂದು ಪಿಕ್ಸೆಲ್ ಅಂದ್ರೆ 0.021 ಮಿಲಿಮೀಟರ್. ಮೊದಲನೇ ತೂತು 26 ಪಿಕ್ಸೆಲ್, ಅಂದ್ರೆ 0.55, ಜೊತೆಗೆ ಮೊಟ್ಟೆ ಆಕಾರ. ಬಿಸಾಕ್ದೆ. ನಾಲ್ಕನೇದು 19 ಪಿಕ್ಸೆಲ್, 0.40, ದುಂಡಗೆ ಚಂದ್ರನ ಥರ. ಬೇಕಾಗಿದ್ದು 0.46, ಆದ್ರೂ ದುಂಡಗಿದೆಯಲ್ಲ ಅಂತ ಅದನ್ನೇ ಇಟ್ಕೊಂಡೆ. 105ನ್ನ 0.40ರಿಂದ ಭಾಗಿಸಿದ್ರೆ ಎಫ್ ನಂಬರ್ 260 ಚಿಲ್ಲರೆ (ಈ ನಂಬರ್ ಜಾಸ್ತಿ ಆದಷ್ಟೂ ಒಳಗೆ ಬರೋ ಬೆಳಕು ಕಮ್ಮಿ). ನಮ್ಮ ಮಾಮೂಲಿ ಕ್ಯಾಮರಾಗಳು 16, 22ಕ್ಕೆ ನಿಲ್ತವೆ, ಅದಕ್ಕೆ ಹೋಲಿಸಿದ್ರೆ ಇದು ಕಣ್ಣು ಮುಚ್ಕೊಂಡು ನೋಡಿದ ಹಂಗೆ.

ಪೇಪರ್ ವಿಷಯದಲ್ಲಿ ಮೊದಲು ಜುಗ್ಗತನ ಮಾಡ್ದೆ. ನಮ್ಮ ಚಿಕ್ಕಪ್ಪ ಒಂದು ಕಾಲದಲ್ಲಿ ಸ್ಟುಡಿಯೋ ಇಟ್ಟಿದ್ರು, ಅಟ್ಟದ ಮೇಲೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಬ್ರಾಂಡಿನ ಫೋಟೋ ಪೇಪರ್ ಒಂದು ಅರ್ಧ ಪ್ಯಾಕೆಟ್ ಸಿಕ್ತು. ಆ ಫ್ಯಾಕ್ಟರಿನೇ ಮುಚ್ಚಿ ಹೋಗಿದೆ, ಪೇಪರ್ ಎಷ್ಟು ಹಳೇದೋ ದೇವರೇ ಬಲ್ಲ. ಚಿಕ್ಕಪ್ಪ ಅದನ್ನ ಮೂಸಿ ನೋಡಿ "ಬರಲ್ಲ ಕಣೋ ಇದು" ಅಂದ್ರು. ಬರ್ಲಿಲ್ಲ. ಬೆಳಕೇ ಕಾಣದ ಹಾಳೆನ ಡೆವಲಪ್ ಮಾಡಿದ್ರೂ (ಪೇಪರಲ್ಲಿ ಅಡಗಿರೋ ಚಿತ್ರನ ಕೆಮಿಕಲ್ ನೀರಲ್ಲಿ ಎಬ್ಬಿಸೋದು) ಎಮ್ಮೆ ಬಣ್ಣಕ್ಕೆ ಬಂತು. ಆಮೇಲೆ ಇಲ್ಫೋರ್ಡ್ ಮಲ್ಟಿಗ್ರೇಡ್ ಆರ್‌ಸಿ ಪೇಪರ್ (ಪ್ಲಾಸ್ಟಿಕ್ ಪದರ ಇರೋ ಜಾತಿ), 8×10 ಇಂಚಿಂದು 25 ಹಾಳೆ ಪ್ಯಾಕೆಟ್ ಆನ್‌ಲೈನಲ್ಲಿ ತರಿಸ್ದೆ. ಒಂದು ಹಾಳೆನ ನಾಲ್ಕು ಮಾಡಿದ್ರೆ 4×5 ಇಂಚಿನ ನೂರು ತುಂಡು. ಈ ನಾಲ್ಕು ಮಾಡೋ ವಿಷಯ ನೆನಪಿಟ್ಕೊಳ್ಳಿ, ಆಮೇಲೆ ಬರುತ್ತೆ.

ಡಾರ್ಕ್‌ರೂಮ್ ಅಂದ್ರೆ ನಮ್ಮ ಬಾತ್‌ರೂಮ್. ವೆಂಟಿಲೇಟರಿಗೆ ಕಪ್ಪು ರಟ್ಟು, ಬಾಗಿಲ ಕೆಳಗೆ ಕಾಲೊರೆಸೋ ಚೀಲ, ರಾತ್ರಿ ಎಂಟರ ಮೇಲೆ ಮಾತ್ರ, ಅದೂ ಎಲ್ರೂ ಸ್ನಾನ ಮುಗಿಸಿದ ಮೇಲೆ ಅಂತ ಮನೇಲಿ ಒಪ್ಪಂದ. ಕೆಂಪು ಲೈಟ್ ಬೇಕು, ಈ ಪೇಪರಿಗೆ ನೀಲಿ ಹಸಿರು ಮಾತ್ರ ಕಾಣೋದು, ಕೆಂಪು ಕಾಣಲ್ಲ. ದೇವರ ಮನೆ ಝೀರೋ ಬಲ್ಬ್ ಹಾಕ್ದೆ. ಅದು ಸೇಫಾ ಅಲ್ವಾ ಅಂತ ನೋಡೋಕೆ ಒಳ್ಳೆ ಉಪಾಯ ಇದೆ, ಪೇಪರ್ ತುಂಡಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಆ ಬೆಳಕಲ್ಲಿ ಐದು ನಿಮಿಷ ಬಿಟ್ಟು ಡೆವಲಪ್ ಮಾಡೋದು. ನಾಣ್ಯದ ಗುರುತು ಬಂದ್ರೆ ಲೈಟ್ ಕೆಟ್ಟದ್ದು. ಬಂತು, ಬೆಳ್ಳಗೆ ದುಂಡಗೆ. ಆ ಬಲ್ಬು ಕೆಂಪಲ್ಲ, ಬಿಳಿ ಬಲ್ಬಿಗೆ ಮೇಲೆ ಕೆಂಪು ಬಳಿದಿರೋದು ಅಷ್ಟೇ. ಸೈಕಲ್ಲಿನ ಹಿಂದಿನ ಕೆಂಪು ಎಲ್‌ಇಡಿ ತಂದು ಗೋಡೆ ಕಡೆ ತಿರುಗಿಸಿಟ್ಟೆ, ನಾಣ್ಯದ ಗುರುತು ಬರ್ಲಿಲ್ಲ. ಬ್ಲಿಂಕ್ ಮೋಡ್ ಆಫ್ ಮಾಡೋದು ಮರೀಬೇಡಿ, ತಲೆ ಸುತ್ತುತ್ತೆ.

ಈಗ ಕಾಫಿ. ಚಿಕ್ಕಮಗಳೂರಲ್ಲಿದ್ದು ಡೆವಲಪರ್ ಕೆಮಿಕಲ್ ಹೊರಗಡೆಯಿಂದ ತರಿಸೋದು ಅಂದ್ರೆ ಒಂಥರ ಅವಮಾನ. ಕೆಫಿನಾಲ್ ಅಂತ ಒಂದು ಪದ್ಧತಿ ಇದೆ, 1995ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಲಿ ಸ್ಕಾಟ್ ವಿಲಿಯಮ್ಸ್ ಅನ್ನೋ ಮೇಷ್ಟ್ರು ಮತ್ತೆ ಅವರ ಕ್ಲಾಸಿನ ಹುಡುಗರು ಮಾಡಿದ್ದು. ಕಾಫಿ, ವಾಷಿಂಗ್ ಸೋಡಾ, ಆಮೇಲೆ ಬೇರೆಯವರು ಸೇರಿಸಿದ ವಿಟಮಿನ್ ಸಿ. ಅರ್ಧ ಲೀಟರ್ ನೀರಿಗೆ ಸೋಡಾ 27 ಗ್ರಾಂ, ವಿಟಮಿನ್ ಸಿ 8 ಗ್ರಾಂ, ಇನ್‌ಸ್ಟಂಟ್ ಕಾಫಿ 20 ಗ್ರಾಂ, ಇದೇ ಕ್ರಮದಲ್ಲಿ ಕರಗಿಸೋದು. ಹೆಸರು ಕೆಫಿನಾಲ್ ಅಂತಿದ್ರೂ ಕೆಲಸ ಮಾಡೋದು ಕೆಫೀನ್ ಅಲ್ಲ, ಕಾಫಿಲಿರೋ ಕೆಫೀಕ್ ಆಸಿಡ್ ಥರದ ವಸ್ತುಗಳು.

ಮೂರರಲ್ಲೂ ಒಂದೊಂದು ಸಲ ಎಡವಿದೀನಿ. ಸೋಡಾ ಅಂತ ಅಡುಗೆ ಸೋಡಾ ಹಾಕ್ದೆ, ಅರ್ಧ ಗಂಟೆ ಅಲ್ಲಾಡಿಸಿದ್ರೂ ಪೇಪರ್ ಬೆಳ್ಳಗೇ ಇತ್ತು. ಅದಾಗಲ್ಲ, ಬಟ್ಟೆ ಸೋಡಾನೇ ಬೇಕು. ಕಿರಾಣಿ ಅಂಗಡೀಲಿ ತಂದಿದ್ದು ಹರಳು ಸೋಡಾ, ಅದರಲ್ಲಿ ಮುಕ್ಕಾಲುಪಾಲು ಅಲ್ಲದಿದ್ರೂ ಅರ್ಧಕ್ಕಿಂತ ಜಾಸ್ತಿ ನೀರೇ, ಹಂಗಾಗಿ 27ರ ಜಾಗದಲ್ಲಿ 73 ಗ್ರಾಂ ಹಾಕ್ಬೇಕು, ಇಲ್ಲಾಂದ್ರೆ ಹಳೇ ತವಾ ಮೇಲೆ ಸಣ್ಣ ಉರೀಲಿ ಒಣಗಿಸ್ಬೇಕು, ಮೊದಲು ತನ್ನ ನೀರಲ್ಲೇ ಕರಗಿ ಗಂಜಿಯಾಗಿ ಆಮೇಲೆ ಬಿಳಿ ಪುಡಿ ಆಗುತ್ತೆ (ಆ ತವಾ ಮತ್ತೆ ದೋಸೆಗೆ ಬಳಸಬೇಡಿ). ವಿಟಮಿನ್ ಸಿ ಅಂತ ಮೆಡಿಕಲ್ ಸ್ಟೋರಿಂದ ಚೀಪೋ ಮಾತ್ರೆ ತಂದು ಕುಟ್ಟಿದೆ, ಕೆಲಸ ಮಾಡ್ತು, ಆದ್ರೆ ಕಿತ್ತಳೆ ಬಣ್ಣ, ಸಕ್ಕರೆ, ಎಲ್ಲ ಅಂಟಂಟು. ಆಮೇಲೆ ಪುಡಿನೇ ತಂದೆ.

ಕಾಫಿ ವಿಷಯ ಮಾತ್ರ ಹೇಳೋಕೆ ಬೇಜಾರು. ಸ್ನೇಹಿತನ ತೋಟದ ಅರೇಬಿಕಾ, ಪ್ಲಾಂಟೇಶನ್ ಎ ಗ್ರೇಡ್, ಹೊಸದಾಗಿ ಹುರಿದು ಪುಡಿ ಮಾಡಿಸಿದ್ದು, ಫಿಲ್ಟರಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿ ಹಾಕ್ದೆ. ಹತ್ತು ನಿಮಿಷಕ್ಕೆ ತೆಳ್ಳಗೆ ಏನೋ ಒಂದು ನೆರಳು ಬಂತು. ಅದೇ ಪೇಪರಿಗೆ ಅಂಗಡಿಯ ಚಿಕೋರಿ ಇಲ್ಲದ ಅಗ್ಗದ ಇನ್‌ಸ್ಟಂಟ್ ಪುಡಿ ಹಾಕಿದ್ರೆ ಮೂರು ನಿಮಿಷಕ್ಕೆ ಕಪ್ಪು ಕಪ್ಪಾಗಿ ಚಿತ್ರ ಎದ್ದು ಕೂತ್ಕೊಳ್ತು. ರೊಬಸ್ಟಾದಲ್ಲಿ ಈ ಆಸಿಡ್‌ಗಳು ಅರೇಬಿಕಾಗಿಂತ ಜಾಸ್ತಿ, ಮತ್ತೆ ಇನ್‌ಸ್ಟಂಟ್ ಅಂದ್ರೆ ಡಿಕಾಕ್ಷನನ್ನೇ ಒಣಗಿಸಿರೋದು, ಗ್ರಾಂ ಲೆಕ್ಕದಲ್ಲಿ ಅದು ಗೆಲ್ಲಲೇಬೇಕು. ಸ್ನೇಹಿತನಿಗೆ ಇದನ್ನ ಹೇಳಿದಾಗ ಅವನು "ಕುಡಿಯೋದನ್ನ ಕುಡಿ ಮಾರಾಯ, ತೊಳೆಯೋದಕ್ಕೆ ಯಾಕ್ ಹಾಕ್ತೀಯ" ಅಂದ. ಬಾಬಾಬುಡನ್ ಏಳು ಬೀಜ ಮುಚ್ಚಿಟ್ಕೊಂಡು ತಂದ್ರು ಅಂತಾರಲ್ಲ, ಅವರೂ ಇದನ್ನೇ ಅಂತಿದ್ರೇನೋ.

ವಾಸನೆ ಬಗ್ಗೆ ಒಂದು ಮಾತು. ಕಾಫಿ ವಾಸನೆ ಬರಲ್ಲ. ಒದ್ದೆ ನಾಯಿ ಕಾಫಿ ಕುಡಿದ್ರೆ ಹೆಂಗಿರುತ್ತೋ ಹಂಗಿರುತ್ತೆ. ಅಮ್ಮ ಬಾಗಿಲ ಹೊರಗಡೆಯಿಂದ "ಏನ್ ಸತ್ತಿದೆಯೋ ಅಲ್ಲಿ" ಅಂದ್ರು.

ಫಿಕ್ಸರ್, ಅಂದ್ರೆ ಎದ್ದ ಚಿತ್ರ ಆಮೇಲೆ ಬೆಳಕಿಗೆ ಕೆಡದ ಹಾಗೆ ನಿಲ್ಲಿಸೋ ನೀರು, ಸುಲಭ. ಹೈಪೋ ಹರಳು, ಅರ್ಧ ಲೀಟರಿಗೆ 125 ಗ್ರಾಂ. ಅಕ್ವೇರಿಯಂ ಅಂಗಡೀಲಿ ಮೀನಿನ ನೀರಿನ ಕ್ಲೋರಿನ್ ತೆಗೆಯೋಕೆ ಅಂತ ಮಾರೋದು ಇದನ್ನೇ, ಸಕ್ಕರೆ ಹರಳಿನ ಥರ ಇರುತ್ತೆ. ಏಳೆಂಟು ನಿಮಿಷ ಅದರಲ್ಲಿ, ಆಮೇಲೆ ನಲ್ಲಿ ನೀರಲ್ಲಿ ಐದು ನಿಮಿಷ. ಡಿಸೆಂಬರಲ್ಲಿ ನಮ್ಮೂರ ಟ್ಯಾಂಕ್ ನೀರು ರಾತ್ರಿ ಹೊತ್ತು 20 ಡಿಗ್ರಿ ಆಸುಪಾಸಲ್ಲೇ ಇರುತ್ತೆ, ಡೆವಲಪ್ ಮಾಡೋಕೆ ಬೇಕಾಗಿರೋದೂ ಅಷ್ಟೇ.

ಮೊದಲ ಫೋಟೋ ಟೆರೇಸಿಂದ. ಲೆಕ್ಕ ಹಿಂಗೆ: ಒಳ್ಳೆ ಬಿಸಿಲಲ್ಲಿ ಎಫ್ 16ಕ್ಕೆ ಐಎಸ್‌ಒ ಎಷ್ಟೋ ಅಷ್ಟನೇ ಒಂದು ಸೆಕೆಂಡ್ (ಐಎಸ್‌ಒ ಅಂದ್ರೆ ಫಿಲ್ಮೋ ಪೇಪರೋ ಬೆಳಕಿಗೆ ಎಷ್ಟು ಚುರುಕು ಅನ್ನೋ ನಂಬರ್). ಪೇಪರಿನ ಐಎಸ್‌ಒ 6 ಅಂತ ಹಿಡಿದ್ರೆ ಆರನೇ ಒಂದು ಸೆಕೆಂಡ್. 260ನ್ನ 16ರಿಂದ ಭಾಗಿಸಿ ಅದರ ವರ್ಗ 264, ಅದನ್ನ 6ರಿಂದ ಭಾಗಿಸಿದ್ರೆ 44 ಸೆಕೆಂಡ್. ಮ್ಯಾಗ್ನೆಟ್ ಎತ್ತಿ, 44 ಎಣಿಸಿ, ಮುಚ್ಚಿ, ರಾತ್ರಿ ಡೆವಲಪ್ ಮಾಡ್ದೆ. ಕಾಫಿಗೆ ಹಾಕಿದ ಹತ್ತು ಸೆಕೆಂಡಿಗೆ ಪೇಪರ್ ಪೂರ್ತಿ ಕಪ್ಪು. ಹಂಚಿನ ಥರ.

ಎಕ್ಸ್‌ಪೋಷರ್ ಜಾಸ್ತಿ ಆಯ್ತಾ, ಎಲ್ಲಾದ್ರೂ ಬೆಳಕು ಸೋರ್ತಾ ಇದೆಯಾ? ಗೊತ್ತು ಮಾಡ್ಕೊಳ್ಳೋಕೆ ಶಟರ್ ಮುಚ್ಚಿದ ಹಾಗೇ ಡಬ್ಬನ ಹತ್ತು ನಿಮಿಷ ಬಿಸಿಲಲ್ಲಿಟ್ಟೆ. ಅದೂ ಕಪ್ಪು. ಅಂದ್ರೆ ಸೋರ್ತಾ ಇದೆ. ರಾತ್ರಿ ಬಾತ್‌ರೂಮ್ ಲೈಟ್ ಆರಿಸಿ, ಡಬ್ಬದೊಳಗೆ ಸಣ್ಣ ಟಾರ್ಚ್ ಹಾಕಿ ಮುಚ್ಚಳ ಒತ್ತಿ, ಕಣ್ಣಿಗೆ ಕತ್ತಲು ರೂಢಿ ಆಗ್ಲಿ ಅಂತ ಎರಡು ನಿಮಿಷ ಸುಮ್ನೆ ನಿಂತೆ. ಮುಚ್ಚಳದ ಸುತ್ತ ಎರಡು ಕಡೆ ಕೂದಲೆಳೆ ಬೆಳಕು. ಮುಚ್ಚಳ ಕೂರೋ ಸಂದೀಲಿ ಒಣಗಿದ ಪೇಂಟ್ ಗಟ್ಟಿ ಇತ್ತು, ಅದಕ್ಕೇ ಮುಚ್ಚಳ ಪೂರ್ತಿ ಇಳಿದಿರ್ಲಿಲ್ಲ. ಬ್ಲೇಡಲ್ಲಿ ಕೆರೆದೆ. ಮ್ಯಾಗ್ನೆಟ್ ಹತ್ರನೂ ಮಿಣಿಮಿಣಿ, ಚಪ್ಪಟೆ ಮ್ಯಾಗ್ನೆಟ್ ದುಂಡಗಿನ ಡಬ್ಬಕ್ಕೆ ಹೆಂಗ್ ಕೂರುತ್ತೆ? ಫ್ರಿಜ್ ಬಾಗಿಲಿಗೆ ಹಾಕಿದ್ದ ಬಾಗೋ ಜಾತಿ ಮ್ಯಾಗ್ನೆಟ್ ಸ್ಟಿಕರ್ ಕತ್ತರಿಸಿ ಇಟ್ಟೆ, ಡಬ್ಬದ ಮೈಗೆ ಅಂಟ್ಕೊಂಡು ಕೂತ್ಕೊಳ್ತು.

ಮತ್ತೆ ಟೆರೇಸ್, ಮತ್ತೆ 44 ಸೆಕೆಂಡ್. ಬಂತು! ನೆಗೆಟಿವ್ ಅದು, ಆಕಾಶ ಕಪ್ಪು, ಮನೆಗಳು ಬೂದಿ, ತಲೆಕೆಳಗೆ. ಫೋನಲ್ಲಿ ಫೋಟೋ ತೆಗೆದು ಇನ್ವರ್ಟ್ ಮಾಡಿ ತಿರುಗಿಸಿದ್ರೆ ನಮ್ಮ ಬೀದಿ, ನೀರಿನ ಟ್ಯಾಂಕು, ಹಿಂದೆ ಮಸುಕಾಗಿ ಗಿರಿಗಳು. ಆದ್ರೆ ಉದ್ದದ ಒಂದು ಅಂಚಲ್ಲಿ, ಬೆರಳಗಲ ಇಲ್ಲ, ಅರ್ಧ ಬೆರಳಗಲ ಒಂದು ಬಿಳಿ ಪಟ್ಟಿ. ನೆಗೆಟಿವಲ್ಲಿ ಕಪ್ಪು, ಪಾಸಿಟಿವಲ್ಲಿ ಬಿಳಿ.

ಮುಚ್ಚಳ ಇನ್ನೂ ಸೋರ್ತಿದೆ ಅಂದ್ಕೊಂಡೆ. ಪೇಪರಿನ ಉದ್ದದ ಅಂಚು ಮುಚ್ಚಳದ ಕಡೆಗೇ ಇರೋದು, ಬೇರೆ ಯಾರಾದ್ರೂ ಹಂಗೇ ಅಂದ್ಕೊಳ್ತಿದ್ರು. ಇನ್ಸುಲೇಷನ್ ಟೇಪ್ ಸುತ್ತಿದೆ. ಮುಂದಿನದರಲ್ಲಿ ಪಟ್ಟಿ ಇಲ್ಲ. ಗೆದ್ದೆ ಅಂತ ಬೈಕ್ ಹತ್ತಿ ರತ್ನಗಿರಿ ಬೋರೆಗೆ ಹೋದೆ.

ಹೊರಗಿನವರಿಗೆ: ಊರೊಳಗೇ ಇರೋ ಗುಡ್ಡ ಅದು, ಮೇಲೆ ಮಹಾತ್ಮ ಗಾಂಧಿ ಪಾರ್ಕ್, ಬೆಳಿಗ್ಗೆ ವಾಕಿಂಗ್ ಮಾಡೋರು, ಸಂಜೆ ಮಕ್ಕಳು. ಮುಳ್ಳಯ್ಯನಗಿರಿ ಕಡೆ ಬೆಟ್ಟಸಾಲು ಕಾಣುತ್ತೆ, ಮಂಜಿಲ್ಲದಿದ್ರೆ. ಪಿನ್‌ಹೋಲಿಗೆ ಪಾರ್ಕ್ ಯಾಕೆ ಒಳ್ಳೇದು ಅಂದ್ರೆ ಮರ ಓಡಾಡಲ್ಲ. ಟ್ರೈಪಾಡ್ ಬದಲು ಒಂದು ಸೇರು ರಾಗಿ ತುಂಬಿದ ಬಟ್ಟೆ ಚೀಲ, ಅದರ ಮೇಲೆ ಡಬ್ಬ ಒತ್ತಿ ಕೂರಿಸಿದ್ರೆ ಅಲ್ಲಾಡಲ್ಲ. ನೆರಳಲ್ಲಿ ಎಷ್ಟು ಹೊತ್ತು ಅನ್ನೋಕೆ ಫೋನಲ್ಲಿ ಲೈಟ್ ಮೀಟರ್ ಆ್ಯಪ್, ಐಎಸ್‌ಒ 100, ಎಫ್ 16ಕ್ಕೆ ಅದು ಹೇಳೋ ಸಮಯನ 4400ರಿಂದ ಗುಣಿಸೋದು. ಮರದ ಕೆಳಗೆ ಹದಿನೈದನೇ ಒಂದು ಅಂತ ತೋರಿಸ್ತು, ಅಂದ್ರೆ ಹತ್ರ ಹತ್ರ ಐದು ನಿಮಿಷ.

ಐದು ನಿಮಿಷ ಕಪ್ಪು ಟೇಪ್ ಸುತ್ತಿದ ಡಬ್ಬನ ಪಾರ್ಕಲ್ಲಿ ನೆಲದ ಮೇಲಿಟ್ಟು ದೂರ ನಿಂತ್ಕೊಂಡ್ರೆ ಏನಾಗುತ್ತೆ ಅಂತ ನಾನು ಯೋಚ್ನೆನೇ ಮಾಡಿರ್ಲಿಲ್ಲ. ವಾಚ್‌ಮನ್ ಬಂದ್ರು, ಅರವತ್ತರ ಹತ್ರ ವಯಸ್ಸು.

"ಏನ್ ಸಾರ್ ಅದು? ನಿಮ್ಮದಾ?"

"ನಂದೇ ಅಣ್ಣ, ಕ್ಯಾಮರಾ."

"ಇದಾ? ಪೇಂಟ್ ಡಬ್ಬ ಇದ್ದಂಗಿದೆ."

"ಪೇಂಟ್ ಡಬ್ಬನೇ. ಮುಟ್ಬೇಡಿ ಅಣ್ಣ, ಇನ್ನೂ ಮೂರ್ ನಿಮಿಷ ಇದೆ."

ಈ ಕೊನೇ ಮಾತು ಆಡ್ಬಾರದಿತ್ತು. ಅವರು ನಾಲ್ಕು ಹೆಜ್ಜೆ ಹಿಂದೆ ಸರಿದ್ರು. ಆಮೇಲೆ ಕೂತ್ಕೊಂಡು ತೂತು, ಪೇಪರ್, ತಲೆಕೆಳಗಾದ ಚಿತ್ರ ಎಲ್ಲ ವಿವರಿಸ್ದೆ, ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಪೀಲಿ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತಲ್ಲ, ಅದೇನಾ ಇದು?" ಅಂದ್ರು. ಅದೇ ಅಣ್ಣ, ಥೇಟ್ ಅದೇ. ನಾನು ಅರ್ಧ ಗಂಟೆ ಹೇಳಿದ್ದನ್ನ ಅವರು ಒಂದು ಮಾತಲ್ಲಿ ಮುಗಿಸಿದ್ರು. ಮರದ ಕೆಳಗೆ ಎಲೆ ಸಂದೀಲಿ ಬಿದ್ದಿದ್ದ ದುಂಡು ದುಂಡು ಬಿಸಿಲ ಚುಕ್ಕಿ ತೋರಿಸಿ ಇವೂ ಅದೇ, ಒಂದೊಂದೂ ಸೂರ್ಯನ ಫೋಟೋನೇ ಅಂದೆ. 2019ರ ಡಿಸೆಂಬರ್ 26ರ ಗ್ರಹಣದ ದಿನ ಈ ಚುಕ್ಕಿಗಳೆಲ್ಲ ಕುಡುಗೋಲಿನ ಥರ ಆಗಿದ್ವು, ಆವತ್ತು ಊರವರೆಲ್ಲ ಒಳಗಿದ್ರಲ್ಲ, ನೋಡಿದವರು ಕಮ್ಮಿ.

ಆವತ್ತು ಆರು ತುಂಡು ತಗೊಂಡು ಹೋಗಿದ್ದೆ, ಒಂದು ಡಬ್ಬಕ್ಕೆ ಒಂದೇ ಪೇಪರ್, ಬದಲಾಯಿಸೋಕೆ ಕಪ್ಪು ಜಾಕೆಟ್ ಒಂದರೊಳಗೊಂದು ಎರಡು ಹಾಕಿ ತೋಳಲ್ಲಿ ಕೈ ತೂರಿಸಿ ಒಳಗೇ ಮಾಡೋದು. ಪೇಪರಿನ ಯಾವ ಕಡೆ ಎಮಲ್ಷನ್ (ಬೆಳಕು ಹಿಡಿಯೋ ಪದರ) ಅಂತ ಕತ್ತಲಲ್ಲಿ ಗೊತ್ತಾಗೋದು ಹೆಂಗೆ ಅಂದ್ರೆ ಮೂಲೆಗೆ ಒದ್ದೆ ಬೆರಳು ಇಟ್ರೆ ಅಂಟುತ್ತೆ, ಅದು ತೂತಿನ ಕಡೆ ಬರ್ಬೇಕು.

ಫಲಿತಾಂಶ: ಬಿದಿರು ಮೆಳೆ, ಗಾಳಿಗೆ ಮೇಲ್ಗಡೆ ಎಲ್ಲ ಹೊಗೆ, ಬುಡ ಮಾತ್ರ ಗಟ್ಟಿ. ನಂಗೆ ಇದೇ ಇಷ್ಟ ಆಗಿದ್ದು. ಸಿಲ್ವರ್ ಓಕ್ ಬುಡದಲ್ಲಿದ್ದ ಜರಿಗಿಡಕ್ಕೆ ನಾಲ್ಕೇ ಇಂಚು ದೂರದಲ್ಲಿ ಡಬ್ಬ ಇಟ್ಟಿದ್ದೆ, ಎಲೆನೂ ಹಿಂದಿನ ಮರನೂ ಎರಡೂ ಒಂದೇ ಥರ ಕಾಣ್ತವೆ, ಪಿನ್‌ಹೋಲಿಗೆ ಫೋಕಸ್ ಅನ್ನೋದೇ ಇಲ್ಲ, ಎಲ್ಲಾನೂ ಹತ್ರ ಹತ್ರ ಅಷ್ಟಷ್ಟೇ ಮೆತ್ತಗೆ. ಪೇಪರ್ ಬಾಗಿರೋದ್ರಿಂದ ನೆಟ್ಟಗಿರೋ ಕಾಲುದಾರಿ ಹೊಳೆ ಥರ ಬಳುಕಿದೆ. ವಾಕಿಂಗ್ ಮಾಡೋರು ಇಪ್ಪತ್ತು ಜನ ಎದುರಿಗೇ ಹೋದ್ರು, ಒಬ್ಬರೂ ಫೋಟೋದಲ್ಲಿಲ್ಲ. ಕಲ್ಲುಬೆಂಚಿನ ಮೇಲೆ ಎರಡು ನಿಮಿಷ ಕೂತೆದ್ದ ಅಜ್ಜ ಮಾತ್ರ ಪಾರದರ್ಶಕವಾಗಿ ಇದಾರೆ, ಅವರ ಬೆನ್ನೊಳಗಿಂದ ಬೇಲಿ ಕಾಣುತ್ತೆ. ಬಣ್ಣಗಳೂ ಎಡವಟ್ಟು, ಕೆಂಪು ಮಣ್ಣು ಇದ್ದಿಲ ಥರ ಕಪ್ಪು, ಮನೆ ದಾಸವಾಳ ತೆಗೆದ್ರೆ ಕರೀ ಹೂವು. ಕಾಂಟ್ರಾಸ್ಟ್ ಜಾಸ್ತಿ ಅನ್ಸಿದ್ರೆ ತೂತಿನ ಮುಂದೆ ಹಳದಿ ಜಿಲೇಟಿನ್ ಪೇಪರ್ ಹಾಕ್ಬಹುದು, ಮಲ್ಟಿಗ್ರೇಡ್ ಪೇಪರಿಗೆ ನೀಲಿ ಬೆಳಕು ಕಾಂಟ್ರಾಸ್ಟ್ ಏರಿಸುತ್ತೆ, ಹಸಿರು ಇಳಿಸುತ್ತೆ, ಹಳದಿ ಆ ನೀಲೀನ ತಡೆಯುತ್ತೆ. ಸಮಯ ಮಾತ್ರ ಎರಡು ಮೂರು ಪಟ್ಟು ಆಗುತ್ತೆ.

ಮತ್ತೆ ಆರರಲ್ಲಿ ಮೂರಕ್ಕೆ ಪಟ್ಟಿ.

ಇಲ್ಲಿಂದ ಮೂರು ವಾರ ನಾನು ಆ ಡಬ್ಬಕ್ಕೆ ಮಾಡದ ಹಿಂಸೆ ಇಲ್ಲ. ಮುಚ್ಚಳದ ಸುತ್ತ ಎಂ-ಸೀಲ್. ಅದರ ಮೇಲೆ ಟೇಪ್. ಟೇಪ್ ಮೇಲೆ ಸೈಕಲ್ ಟ್ಯೂಬ್ ಕತ್ತರಿಸಿದ ರಬ್ಬರ್ ಬಳೆ. ಪಟ್ಟಿ ಒಂದ್ಸಲ ಬರೋದು, ಒಂದ್ಸಲ ಬರ್ತಾ ಇರ್ಲಿಲ್ಲ. ಬಂದಾಗ ಟೇಪ್ ಸರಿ ಇಲ್ಲ ಅಂತಿದ್ದೆ, ಬರದಿದ್ದಾಗ ಟೇಪಿಂದಲೇ ಸರಿ ಹೋಯ್ತು ಅಂತಿದ್ದೆ. ಒಂದ್ಸಲ ಪಟ್ಟಿ ಮೇಲಿನ ಅಂಚಿನ ಬದಲು ಕೆಳಗಿನ ಅಂಚಿಗೆ ಬಂತು, ಡಬ್ಬದ ತಳದ ಜಾಯಿಂಟೂ ಸೋರ್ತಿದೆ ಅಂತ ಅದಕ್ಕೂ ಎಂ-ಸೀಲ್ ಮೆತ್ತಿದೆ. ಹಾಸನಕ್ಕೆ ಅಕ್ಕನ ಮನೆಗೆ ಹೋದಾಗ ಮಹಾರಾಜ ಪಾರ್ಕಲ್ಲಿ ದೊಡ್ಡ ಮರದ ಬೇರು ತೆಗೆದಿದ್ದೆ, ಇಡೀ ಸರಣಿಲೇ ಚೆನ್ನಾಗಿ ಬಂದ ಚಿತ್ರ, ಅದರಲ್ಲೂ ಪಟ್ಟಿ, ಬೇರಿನ ಮೇಲೇ.

ಅಕ್ಕನ ಮಗನಿಗೆ ಅದನ್ನ ತೋರಿಸ್ತಾ ಇದ್ದೆ. ಅವನು ನೆಗೆಟಿವ್‌ಗಳನ್ನೆಲ್ಲ ನೆಲದ ಮೇಲೆ ಹರಡ್ಕೊಂಡು ಆಟ ಆಡ್ತಾ ಆಡ್ತಾ ಎರಡು ತುಂಡು ಪಕ್ಕಪಕ್ಕ ಜೋಡಿಸಿ, "ಮಾಮ, ಇದು ಜಾಯಿಂಟ್ ಆಗುತ್ತೆ ನೋಡು" ಅಂದ. ಪಟ್ಟಿಗೆ ಪಟ್ಟಿ. ಒಂದರ ಪಟ್ಟಿ ಮುಗಿದ ಕಡೆಯಿಂದ ಇನ್ನೊಂದರದ್ದು ಶುರು, ನಡುವೆ ಅಗಲ ಆಗಿ ಎರಡೂ ಕಡೆ ಸಣ್ಣಗೆ ಆಗ್ತಾ ಹೋಗುತ್ತೆ. ಎರಡು ಬೇರೆ ಬೇರೆ ದಿನ, ಬೇರೆ ಬೇರೆ ಊರಲ್ಲಿ ತೆಗೆದ ಫೋಟೋಗಳು.

ಡಬ್ಬ ಅಲ್ಲ. ಪೇಪರ್.

ಊರಿಗೆ ಬಂದು ಪ್ಯಾಕೆಟ್ ತೆಗೆದು, ಒಳಗಿನ ಕಪ್ಪು ಕವರನ್ನ ಖಾಲಿ ಮಾಡಿ ಕಿಟಕಿಗೆ ಹಿಡಿದೆ. ಉದ್ದದ ಬದಿಯ ಸರಿಯಾಗಿ ಮಧ್ಯ ಕಡ್ಡಿಯಗಲ ಸೀಳು. ಹೊರಗಿನ ಪ್ಯಾಕಿಂಗ್ ಕತ್ತರಿಸುವಾಗ ನನ್ನ ಕತ್ತರಿ ಮೂತಿ ಒಳಗಿನ ಕವರಿಗೆ ತಾಗಿದೆ. ಆ ಸೀಳಿಂದ 25 ಹಾಳೆಗೂ ಹತ್ತಿಂಚಿನ ಅಂಚಲ್ಲಿ ಬೆಳಕು ಕುಡಿದಿದೆ. ಹಾಳೆನ ನಾಲ್ಕು ಮಾಡಿದಾಗ ಎರಡು ತುಂಡಿಗೆ ಆ ಅಂಚು ಬರುತ್ತೆ, ಇನ್ನೆರಡಕ್ಕೆ ಬರಲ್ಲ. ಅದಕ್ಕೇ ಆರರಲ್ಲಿ ಮೂರು. ಅದಕ್ಕೇ ಒಂದ್ಸಲ ಇದೆ ಒಂದ್ಸಲ ಇಲ್ಲ. ಪೇಪರ್ ಉಲ್ಟಾ ಹಾಕಿದ ದಿನ ಪಟ್ಟಿ ಕೆಳಗೆ ಬಂದಿದ್ದೂ ಅದಕ್ಕೇ. ಮೊದಲ ದಿನವೇ ಒಂದು ತುಂಡನ್ನ ಡಬ್ಬಕ್ಕೆ ಹಾಕದೆ ಪ್ಯಾಕೆಟ್ಟಿಂದ ಸೀದಾ ತೆಗೆದು ಕಾಫಿಗೆ ಹಾಕಿದ್ರೆ ಹತ್ತು ನಿಮಿಷದಲ್ಲಿ ಗೊತ್ತಾಗ್ತಿತ್ತು. ಚಿಕ್ಕಪ್ಪನ ಹಳೇ ಪೇಪರಿಗೆ ಆ ಪರೀಕ್ಷೆ ಮಾಡಿದ್ದೆ, ಹೊಸದು ಅಂತ ಇದಕ್ಕೆ ಮಾಡ್ಲಿಲ್ಲ.

ಉಳಿದ 60 ಚಿಲ್ಲರೆ ತುಂಡನ್ನ ಮೊನ್ನೆ ರಾತ್ರಿ ಕೆಂಪು ಲೈಟಲ್ಲಿ ಒಂದೊಂದು ಬದಿಗೂ ಒಂದೊಂದು ಸೆಂಟಿಮೀಟರ್ ಕತ್ತರಿಸಿ ಹಾಕ್ದೆ. ಯಾವುದಕ್ಕೆ ಅಂಚು ಇದೆ ಯಾವುದಕ್ಕಿಲ್ಲ ಅಂತ ಕಲಸಿಹೋಗಿತ್ತು, ಬೆಳಕು ಬಿದ್ದ ಪೇಪರ್ ಡೆವಲಪ್ ಆಗೋವರೆಗೂ ಬೆಳ್ಳಗೇ ಇರುತ್ತಲ್ಲ, ಹಂಗಾಗಿ ಎಲ್ಲದಕ್ಕೂ ಎರಡೂ ಉದ್ದದ ಬದಿ ಕತ್ತರಿಸ್ಬೇಕಾಯ್ತು. ಫೋಟೋ ಸ್ವಲ್ಪ ಪನೋರಮಾ ಥರ ಬರ್ತಿದೆ, ಬೋರೆ ಬಿದಿರಿಗೆ ಅದೇ ಚೆನ್ನಾಗಿದೆ. ಪ್ರಪಂಚದ ಪಿನ್‌ಹೋಲ್ ದಿನ ಅಂತ 2001ರಿಂದ ಪ್ರತಿ ವರ್ಷ ಏಪ್ರಿಲ್ ಕೊನೇ ಭಾನುವಾರ ಮಾಡ್ತಾರೆ, ಅಷ್ಟರೊಳಗೆ ಹಿರೇಕೊಳಲೆ ಕೆರೆ ಒಂದು ತೆಗೀಬೇಕು, ನೀರು ಐದು ನಿಮಿಷಕ್ಕೆ ಹಾಲಿನ ಥರ ಆಗುತ್ತೆ ಅಂತ ಆಸೆ.

ಸದ್ಯಕ್ಕೆ ಹೇರ್ ಡ್ರೈಯರ್ ಹಿಡ್ಕೊಂಡು ಮುಚ್ಚಳದ ಸುತ್ತ ಇರೋ ಎಂ-ಸೀಲ್ ಎಬ್ಬಿಸ್ತಾ ಇದೀನಿ. ಬಿಡ್ತಾ ಇಲ್ಲ.